ಮಕ್ಕಳಿಗೆ ನಮ್ಮ ಕರಾವಳಿ ಪರಿಚಯಿಸುವುದು ಹೇಗೆ?

ಬೆಂಗಳೂರಿನ ವಿಜಯನಗರದಲ್ಲಿದ್ದೇವೆ, ಊರು ಕುಂದಾಪುರದ ಹತ್ತಿರ. ಮಕ್ಕಳಿಗೆ ಏಳು, ಹತ್ತು ವರ್ಷ. ಅವರಿಗೆ ಊರು ಅಂದರೆ ಬೀಚ್ ಅಷ್ಟೇ. ಮೊನ್ನೆ ಅಜ್ಜಿ ಫೋನಿನಲ್ಲಿ ಕುಂದಾಪ್ರ ಕನ್ನಡ ಮಾತಾಡಿದರೆ ಚಿಕ್ಕವಳು 'ಅಮ್ಮ, ಅಜ್ಜಿ ಏನು ಹೇಳ್ತಿದ್ದಾರೆ?' ಅಂದಳು. ತುಂಬಾ ಬೇಜಾರಾಯಿತು. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಘಟ್ಟದಿಂದಲೇ ಶುರು ಮಾಡಿ. ಯಶವಂತಪುರದಿಂದ ಮಂಗಳೂರಿಗೆ ಹಗಲು ಹೋಗುವ ರೈಲಿನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇರುತ್ತದೆ, ಯಾವ ದಿನ ಓಡುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಸಕಲೇಶಪುರ ದಾಟಿದರೆ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. ನನ್ನ ಮಗ ಬೆರಳು ಮಡಚಿ ಎಣಿಸುತ್ತಾ ಹೋದ, ನಡುವೆ ಜಲಪಾತ ಕಂಡು ಲೆಕ್ಕವೇ ಮರೆತ.

ಉತ್ತರ 2:
ಯಕ್ಷಗಾನ ತೋರಿಸಿ. ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ತನಕ. ಆದರೆ ಸುಮ್ನೆ ಆಟಕ್ಕೆ ಕೂರಿಸಬೇಡಿ, ಸಂಜೆಯೇ ಹೋಗಿ, ಕೇಳಿಕೊಂಡು ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗಕ್ಕೆ, ಕರೆದೊಯ್ಯಿರಿ. ಸಣ್ಣ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುವ ಆ ಮನುಷ್ಯನೇ ಆಮೇಲೆ ಚೆಂಡೆ ಸದ್ದಿಗೆ ರಂಗಕ್ಕೆ ನುಗ್ಗುವುದನ್ನು ನೋಡಿದ ಮಗು ಮರೆಯುವುದಿಲ್ಲ.

ಉತ್ತರ 3:
ಅಕ್ಕಾ, ಭಾಷೆ ಪ್ರವಾಸದಿಂದ ಬರುವುದಿಲ್ಲ, ಅಲ್ವಾ? ಮನೆಯಲ್ಲಿ ನೀವೇ 'ಹೋಗಬೇಕು' ಅನ್ನುವ ಬದಲು 'ಹೋಯ್ಕ್' ಅನ್ನಿ. ಮಳೆಗಾಲದಲ್ಲಿ ಕೆಸುವಿನ ಎಲೆಗೆ ಹಿಟ್ಟು ಸವರಿ ಪತ್ರೊಡೆ ಸುತ್ತುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅಜ್ಜಿ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡಲಿ.