ರಗ್ಬಿ ಲೀಗ್‌ನಲ್ಲಿ ಹೊಸ ತಂಡ: ತೀರ್ಮಾನ ಯಾರದ್ದು, ಉಳಿಯೋದು ಯಾವುದು?

ಡಮ್ಮಿಹಾಫ್ (ಪ್ರಶ್ನೆ):
ರಗ್ಬಿ ಲೀಗ್ ಅನ್ನೋ ಆಟದ ಆಸ್ಟ್ರೇಲಿಯಾದ ಮುಖ್ಯ ಟೂರ್ನಿ ಎನ್‌ಆರ್‌ಎಲ್‌ನಲ್ಲಿ (ನ್ಯಾಷನಲ್ ರಗ್ಬಿ ಲೀಗ್) 2023ರಿಂದ 17 ತಂಡಗಳಿವೆ. 2027ಕ್ಕೆ ಪರ್ತ್ ಬೇರ್ಸ್, 2028ಕ್ಕೆ ಪಪುವಾ ನ್ಯೂಗಿನಿ ಸೇರಿದರೆ 19. ಅಲ್ಲಿ ಆಟದ ಆಡಳಿತ ನಡೆಸೋ ಆಯೋಗ ಕೂತು ಲೈಸೆನ್ಸ್ ಕೊಡುತ್ತೆ. ಇಂಗ್ಲೆಂಡಿನ ಸೂಪರ್ ಲೀಗ್‌ನಲ್ಲಿ ಪ್ರತಿ ಕ್ಲಬ್ಬಿಗೂ ಅಂಕ ಹಾಕಿ ಆರಿಸ್ತಾರೆ. ಆಯೋಗ ‘ಸ್ವತಂತ್ರ’ ಅಂತಾರಲ್ಲ, ನಿಜಕ್ಕೂ ಎಷ್ಟು ಸ್ವತಂತ್ರ? ಹೊಸ ಕ್ಲಬ್ ಮೊದಲ ಪಂದ್ಯಕ್ಕೆ ಇಳಿಯೋ ಮುಂಚೆ ಏನೇನು ಕೈಯಲ್ಲಿರಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಐದನೇ ಟ್ಯಾಕಲ್:
ಆಯೋಗದ ಬೇರು 1995ರಲ್ಲಿ ಆಸ್ಟ್ರೇಲಿಯಾದಲ್ಲೇ ಶುರುವಾದ ಸೂಪರ್ ಲೀಗ್ ಜಗಳದಲ್ಲಿದೆ (ಇದು ಅಲ್ಲಿನ ಪ್ರತಿಸ್ಪರ್ಧಿ ಲೀಗ್, ಇಂಗ್ಲೆಂಡಿನದ್ದಲ್ಲ). ಟಿವಿ ಹಕ್ಕಿಗಾಗಿ ಮಾಧ್ಯಮ ಕಂಪನಿ ನ್ಯೂಸ್ ಲಿಮಿಟೆಡ್ ಆಟಗಾರರನ್ನೂ ಕ್ಲಬ್‌ಗಳನ್ನೂ ತನ್ನ ಕಡೆ ಎಳ್ಕೊಳ್ತು. 1997ರಲ್ಲಿ ಒಂದೇ ದೇಶದಲ್ಲಿ ಎರಡು ಲೀಗ್ ನಡೆದವು: ಒಂದರಲ್ಲಿ 12 ತಂಡ, ಇನ್ನೊಂದರಲ್ಲಿ 10. 1998ರಲ್ಲಿ ರಾಜಿ ಆಗಿ 20 ತಂಡಗಳ ಎನ್‌ಆರ್‌ಎಲ್ ಹುಟ್ಟಿತು. ಅರ್ಧ ಪಾಲು ನ್ಯೂಸ್‌ನದ್ದು, ಅರ್ಧ ಆಟದ ಹಳೇ ಆಡಳಿತ ಸಂಸ್ಥೆ ಎಆರ್‌ಎಲ್‌ನದ್ದು (ಆಸ್ಟ್ರೇಲಿಯನ್ ರಗ್ಬಿ ಲೀಗ್). 2000ದ ಹೊತ್ತಿಗೆ 14ಕ್ಕೆ ಇಳಿಸಬೇಕು ಅನ್ನೋ ಷರತ್ತಿತ್ತು. ಅದಕ್ಕೇ ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಒಂದಾಗಿ ವೆಸ್ಟ್ಸ್ ಟೈಗರ್ಸ್ ಆದವು. 1908ರಿಂದ ಆಡ್ತಿದ್ದ ಸೌತ್ ಸಿಡ್ನಿಯನ್ನ 1999ರ ಕೊನೆಗೆ ಹೊರಗೇ ಹಾಕಿದ್ರು. ಕೋರ್ಟ್ ಮೆಟ್ಟಿಲು ಹತ್ತಿ ಅವರು ವಾಪಸ್ ಬಂದದ್ದು 2002ರಲ್ಲಿ.

ಲೀಗ್ ನಡೆಸೋರೇ ತಂಡಗಳ ಮಾಲೀಕರೂ ಆಗಿದ್ದದ್ದು ಆ ಕಾಲದ ದೊಡ್ಡ ತೊಡಕು. ಮೆಲ್ಬರ್ನ್ ಸ್ಟಾರ್ಮ್ ನ್ಯೂಸ್‌ನದ್ದೇ ಆಗಿತ್ತು. 2012ರ ಫೆಬ್ರುವರಿಯಲ್ಲಿ ನ್ಯೂಸ್ ಹೊರನಡೆದು ಎಂಟು ಆಯುಕ್ತರ ಎಆರ್‌ಎಲ್ ಆಯೋಗ ಬಂತು. ಕ್ಲಬ್‌ಗಳೂ ರಾಜ್ಯ ಸಂಸ್ಥೆಗಳೂ ಅದರ ಸದಸ್ಯರು, ಆದರೆ ಯಾರಿಗೆ ಲೈಸೆನ್ಸ್ ಅನ್ನೋದು ಆಯುಕ್ತರ ತೀರ್ಮಾನ.

ಪೂರ್ತಿ ಸ್ವತಂತ್ರ ಅಂತ ನಾನು ಹೇಳಲ್ಲ. ಸಂಬಳದ ಮಿತಿಯ (ಒಂದು ಕ್ಲಬ್ ಆಟಗಾರರಿಗೆ ಕೊಡಬಹುದಾದ ಗರಿಷ್ಠ ಸಂಬಳದ ಮೊತ್ತ) ಶೇ 130ರಷ್ಟು ಅನುದಾನವನ್ನ ಕ್ಲಬ್‌ಗಳಿಗೆ ಕೊಡ್ತೀವಿ ಅಂತ 2015ರ ಕೊನೆಗೆ ಒಪ್ಪಂದ ಆಗಿತ್ತು. ಮುಂದಿನ ವರ್ಷ ಆಯೋಗ ಹಿಂದೆ ಸರಿದಾಗ ಕ್ಲಬ್ ಅಧ್ಯಕ್ಷರು ಸಭೆಯಿಂದ ಎದ್ದು ಹೋದ್ರು, ಆಗಿನ ಮುಖ್ಯಸ್ಥ ಜಾನ್ ಗ್ರಾಂಟ್ ಅವರನ್ನ ಇಳಿಸೋಕೆ ವಿಶೇಷ ಸಭೆ ಕರೆದ್ರು. ಹಣದ ಮಾತು ಬಗೆಹರಿದ ಮೇಲೇ ಅದು ತಣ್ಣಗಾಯ್ತು. ಮತ ಹಾಕೋ ಸದಸ್ಯರೇ ಅನುದಾನ ಪಡೆಯೋರೂ ಆಗಿರೋವರೆಗೆ ಈ ಹಗ್ಗಜಗ್ಗಾಟ ತಪ್ಪಲ್ಲ.

ಲೆಕ್ಕದ ಪುಸ್ತಕ:
ಎರಡನೇ ಪ್ರಶ್ನೆಗೆ ಬರ್ತೀನಿ. ಮೊದಲು ವೇಳಾಪಟ್ಟಿ ನೋಡಿ. ತಂಡಕ್ಕೆ 24 ಪಂದ್ಯ ಅಂತ ಹಿಡಿದರೆ 16 ತಂಡಕ್ಕೆ 192 ಪಂದ್ಯ, 17ಕ್ಕೆ 204, 18ಕ್ಕೆ 216. ಆದರೆ 17ನೇ ತಂಡ ಬಂದಾಗ ವಾರಕ್ಕೆ ಎಂಟೇ ಪಂದ್ಯ ಉಳಿದವು, ಯಾಕಂದ್ರೆ ಬೆಸ ಸಂಖ್ಯೆ. ಪ್ರತಿ ಸುತ್ತಲ್ಲೂ ಒಂದಾದರೂ ತಂಡಕ್ಕೆ ಬಿಡುವು ಕೊಡಲೇಬೇಕು. ಟಿವಿಯವರಿಗೆ ವಾರದ ಒಂಬತ್ತನೇ ಪಂದ್ಯ ಸಿಗೋದು 18ನೇ ತಂಡ ಬಂದಾಗ. 19ಕ್ಕೆ ಹೋದರೆ ಮತ್ತೆ ಅದೇ ಕಥೆ. ಹಾಗಾಗಿ 20ನೇ ತಂಡದ ಮಾತು ಬರ್ತಿರೋದು ಸಹಜ.

ಮುಂದಿನದು ಆಟಗಾರರು. ಮುಖ್ಯ ಪಟ್ಟಿಗೇ 30 ಜನ ಬೇಕು. ಒಪ್ಪಂದದ ಕೊನೆ ವರ್ಷಕ್ಕೆ ಕಾಲಿಡೋ ಆಟಗಾರ ಅದರ ಹಿಂದಿನ ನವೆಂಬರ್ 1ರಿಂದ ಬೇರೆ ಕ್ಲಬ್ ಜೊತೆ ಮಾತಾಡಬಹುದು. 17ನೇ ತಂಡವಾಗಿ ಬಂದ ಡಾಲ್ಫಿನ್ಸ್‌ಗೆ ಲೈಸೆನ್ಸ್ ಸಿಕ್ಕಿದ್ದು 2021ರ ಅಕ್ಟೋಬರ್‌ನಲ್ಲಿ, ಮೊದಲ ಪಂದ್ಯ 2023ರ ಮಾರ್ಚ್‌ನಲ್ಲಿ. ಅಂದರೆ ಮೊದಲ ಋತುವಿನ ತಂಡ ಕಟ್ಟೋಕೆ ಅವರಿಗೆ ಸಿಕ್ಕಿದ್ದು 2021ರ ಒಂದೇ ಒಂದು ನವೆಂಬರ್; 2022ರ ನವೆಂಬರ್‌ನಲ್ಲಿ ಮಾತಿಗೆ ಸಿಗೋರ ಒಪ್ಪಂದ ಮುಗಿಯೋದು 2023ರ ಕೊನೆಗೆ. ಆ ಹೊತ್ತಿಗೆ ದೊಡ್ಡ ಹೆಸರುಗಳು ಹಳೇ ಕ್ಲಬ್‌ಗಳಲ್ಲೇ ಸಹಿ ಹಾಕಿ ಮುಗಿಸಿರ್ತಾರೆ. ವೇಯ್ನ್ ಬೆನೆಟ್ ಅಂಥ ಕೋಚ್ ಇದ್ದರೂ ಮೊದಲ ವರ್ಷ 13ನೇ ಸ್ಥಾನ. ಆದರೂ ತಂಡ ಅಲುಗಾಡಲಿಲ್ಲ. ಯಾಕಂದ್ರೆ ಡಾಲ್ಫಿನ್ಸ್ ಹಿಂದಿರೋ ರೆಡ್‌ಕ್ಲಿಫ್ 1947ರ ಕ್ಲಬ್: ಸ್ವಂತ ಮೈದಾನ, ಆಸ್ತಿ, ಕಿರಿಯರ ತಂಡಗಳು ಎಲ್ಲ ಮೊದಲೇ ಇದ್ದವು. ನನ್ನ ಪ್ರಕಾರ ಲೈಸೆನ್ಸಿಗೂ ಮೊದಲ ಪಂದ್ಯಕ್ಕೂ ನಡುವೆ ಹೀಗೆ ಮೊದಲ ಋತುವಿಗೆ ಉಪಯೋಗಕ್ಕೆ ಬರೋ ಎರಡು ನವೆಂಬರ್ ಇರಲೇಬೇಕು.

ಉತ್ತರದ ಮೈದಾನ:
ಇಂಗ್ಲೆಂಡಿನ ಲೆಕ್ಕ ಹೀಗಿದೆ. ಕ್ರೀಡಾ ಮಾರುಕಟ್ಟೆ ಕಂಪನಿ ಐಎಂಜಿ ಜೊತೆ 2022ರಲ್ಲಿ 12 ವರ್ಷದ ಒಪ್ಪಂದ ಆಯ್ತು, ಅದರಿಂದ ಬಂದದ್ದೇ ಈ ಅಂಕಪದ್ಧತಿ. ಒಟ್ಟು 20 ಅಂಕ: ಅಭಿಮಾನಿ ಬಳಗಕ್ಕೆ 5, ಆಟಕ್ಕೆ 5, ಹಣಕಾಸಿಗೆ 4.5, ಕ್ರೀಡಾಂಗಣಕ್ಕೆ 3, ಸಮುದಾಯಕ್ಕೆ 2.5. ಹದಿನೈದು ದಾಟಿದರೆ ಎ ದರ್ಜೆ, 7.5ಕ್ಕಿಂತ ಕಡಿಮೆಯಾದರೆ ಸಿ.

ಇದರ ಪೆಟ್ಟು ಜೋರಾಗಿ ಬಿದ್ದದ್ದು ಲಂಡನ್ ಬ್ರಾಂಕೋಸ್‌ಗೆ. 2023ರಲ್ಲಿ ಎರಡನೇ ದರ್ಜೆಯ ಅಂತಿಮ ಪಂದ್ಯ ಗೆದ್ದು ಸೂಪರ್ ಲೀಗ್‌ಗೆ ಏರಿದ್ರು. ಆದರೆ ಅದೇ ಅಕ್ಟೋಬರ್‌ನ ತಾತ್ಕಾಲಿಕ ಪಟ್ಟಿಯಲ್ಲಿ ಅವರಿಗೆ 8.07 ಅಂಕ, 24ನೇ ಸ್ಥಾನ. ಒಂದು ಋತುವಿನಲ್ಲಿ ಆಟದಿಂದ ಅಷ್ಟು ಅಂತರ ತುಂಬಿಸೋಕೆ ಆಗಲ್ಲ. 2024ರ ಋತು ಶುರುವಾಗೋ ಮೊದಲೇ ಕೆಳಗಿಳಿಯೋದು ಹೆಚ್ಚುಕಡಿಮೆ ಖಚಿತವಾಗಿತ್ತು, ಹಾಗೇ ಆಯ್ತು. ಅಂಥ ಕ್ಲಬ್ಬಿಗೆ ಯಾವ ಪ್ರಾಯೋಜಕರು ಎರಡು ವರ್ಷದ ಒಪ್ಪಂದ ಬರೀತಾರೆ?

ಇನ್ನು 2026ಕ್ಕೆ ತಂಡಗಳನ್ನ 12ರಿಂದ 14ಕ್ಕೆ ಏರಿಸಿದಾಗ ಕೊನೆಯ ಎರಡು ಜಾಗಕ್ಕೆ ಅಂಕ ಬಿಟ್ಟು ಪ್ರತ್ಯೇಕ ಸಮಿತಿ ಕೂರಿಸಿ ಟುಲೂಸ್ ಮತ್ತು ಯಾರ್ಕ್ ಆರಿಸಿದ್ರು. ತಂಡಗಳು ಒಳ್ಳೆಯವೇ. ಆದರೆ ಅಂಕಪಟ್ಟಿ ನಂಬಿ ಕ್ರೀಡಾಂಗಣಕ್ಕೆ ಸಾಲ ಮಾಡಿದ ಕ್ಲಬ್‌ಗಳಿಗೆ ನಡುವೆ ನಿಯಮ ಬದಲಾಗೋದು ಅನ್ಯಾಯ. ಅಂಕಪದ್ಧತಿ ಇಟ್ಟರೆ ಕೊನೇವರೆಗೂ ಅದರಂತೆ ನಡೀಬೇಕು.

ಡಮ್ಮಿಹಾಫ್:
ತುಂಬಾ ಉಪಯೋಗ ಆಯ್ತು. ಇಂಗ್ಲೆಂಡಿನ ಲೀಗ್‌ಗಳಲ್ಲಿ ಆಡ್ತಿದ್ದ ಕೆನಡಾದ ಟೊರೊಂಟೊ ಕ್ಲಬ್ ಮುಳುಗಿದ್ದು ಕೋವಿಡ್‌ನಿಂದ ಮಾತ್ರಾನಾ?

ಲೆಕ್ಕದ ಪುಸ್ತಕ:
ಕೋವಿಡ್ ಕೊನೆಯ ಏಟು ಅಷ್ಟೆ. ಕೆಳಗಿನ ದರ್ಜೆಗಳಲ್ಲಿ ಆಡುವಾಗ ಎದುರಾಳಿಗಳ ವಿಮಾನ, ವಸತಿ ಖರ್ಚನ್ನ ಟೊರೊಂಟೊ ವುಲ್ಫ್‌ಪ್ಯಾಕ್ ತಾನೇ ಹೊರಬೇಕಿತ್ತು. 2020ರಲ್ಲಿ ಸೂಪರ್ ಲೀಗ್‌ಗೆ ಬಂದರೂ ಟಿವಿ ಹಣದ ಪಾಲು ಅವರಿಗಿರಲಿಲ್ಲ. ಟೊರೊಂಟೊದ ಚಳಿಯಿಂದಾಗಿ ಋತುವಿನ ಮೊದಲ ಪಂದ್ಯಗಳೆಲ್ಲ ಪರಊರಲ್ಲೇ, ಅಂದರೆ ಟಿಕೆಟ್ ಆದಾಯವೂ ಇಲ್ಲ. ಎಲ್ಲ ಒಬ್ಬ ಮಾಲೀಕರ ಜೇಬಿನಿಂದ. ಜುಲೈನಲ್ಲಿ ಹಿಂದೆ ಸರಿದ್ರು. ನವೆಂಬರ್‌ನಲ್ಲಿ ವಾಪಸ್ ಸೇರಿಸ್ಕೊಳ್ಳೋ ಪ್ರಸ್ತಾಪಕ್ಕೆ ಹೆಚ್ಚಿನ ಕ್ಲಬ್‌ಗಳು ಬೇಡ ಅಂದವು. ಹೊಸಬರು ಬಂದರೆ ತಮ್ಮ ಪಾಲು ಕರಗುತ್ತೆ ಅನ್ನೋರ ಕೈಗೇ ಮತ ಕೊಟ್ಟರೆ ಇನ್ನೇನಾಗುತ್ತೆ?

ಪರ್ತ್‌ನಲ್ಲಿ 1995ರಿಂದ 97ರವರೆಗೆ ಆಡಿದ ವೆಸ್ಟರ್ನ್ ರೆಡ್ಸ್ ಮೇಲೂ ಇಂಥದ್ದೇ ಪ್ರಯಾಣದ ಹೊರೆ ಇತ್ತು. ಈ ಸಲ ಪರ್ತ್‌ಗೆ ರಾಜ್ಯ ಸರ್ಕಾರದ ನೆರವಿದೆ, ಪಪುವಾ ನ್ಯೂಗಿನಿಗೆ ಆಸ್ಟ್ರೇಲಿಯಾ ಸರ್ಕಾರ ಹತ್ತು ವರ್ಷದಲ್ಲಿ 60 ಕೋಟಿ ಡಾಲರ್ ತೊಡಗಿಸ್ತಿದೆ. ಅಲ್ಲಿ ರಗ್ಬಿ ಲೀಗ್ ರಾಷ್ಟ್ರೀಯ ಆಟ; 2014ರಿಂದ ಆಸ್ಟ್ರೇಲಿಯಾದ ರಾಜ್ಯಮಟ್ಟದ ಕ್ವೀನ್ಸ್‌ಲ್ಯಾಂಡ್ ಕಪ್‌ನಲ್ಲಿ ಆಡ್ತಿರೋ ಅಲ್ಲಿನ ತಂಡ ಹಂಟರ್ಸ್ 2017ರಲ್ಲಿ ಗೆದ್ದೂ ಇದ್ದಾರೆ. ಆಟಗಾರರಿಗೆ, ಪ್ರೇಕ್ಷಕರಿಗೆ ಕೊರತೆ ಇಲ್ಲ. ಆದರೆ ಆ ಹಣ ಎರಡು ದೇಶಗಳ ಭದ್ರತಾ ಸಂಬಂಧದ ಜೊತೆ ಹೆಣೆದುಕೊಂಡಿದೆ. ಆದ್ದರಿಂದ ಹನ್ನೊಂದನೇ ವರ್ಷದ ಖರ್ಚು ಯಾರದ್ದು ಅನ್ನೋದನ್ನ ಆಯೋಗ ಈಗಲೇ ಒಪ್ಪಂದದಲ್ಲಿ ಬರೆಸಬೇಕು.