ಕ್ರೂಸೋ ಯಾಕೆ ಫ್ರೈಡೇ ಹೆಸರು ಕೇಳಲಿಲ್ಲ?

ಪ್ರಶ್ನೆ
ಮೊನ್ನೆ ರಾಬಿನ್ಸನ್ ಕ್ರೂಸೋ ಮತ್ತೆ ಓದಿದೆ. 1719ರ ಇಂಗ್ಲಿಷ್ ಕಾದಂಬರಿ, ಹಡಗು ಒಡೆದು ದ್ವೀಪ ಸೇರಿದ ಕ್ರೂಸೋ ಮತ್ತು ಅಲ್ಲಿ ಅವನು ಕಾಪಾಡಿ ಆಳಾಗಿ ಇಟ್ಟುಕೊಂಡ ಫ್ರೈಡೇ, ಇವರ ಕತೆ. ಚಿಕ್ಕವನಿದ್ದಾಗ ನಾನೇ ಕ್ರೂಸೋ ಅಂದುಕೊಂಡು ಆಟ ಆಡಿದ್ದೆ, ಫ್ರೈಡೇ ಆಗಬೇಕು ಅಂತ ಒಂದು ಸಲವೂ ಅನ್ನಿಸಿರಲಿಲ್ಲ. ಈ ಸಲ ಒಂದು ಕಡೆ ಕಣ್ಣು ನಿಂತಿತು. ಕ್ರೂಸೋ ಆ ಫ್ರೈಡೇಯ ನಿಜವಾದ ಹೆಸರೇ ಕೇಳುವುದಿಲ್ಲ. ಸಿಕ್ಕಿದ ದಿನದ ಹೆಸರನ್ನೇ ಇಡುತ್ತಾನೆ, ಆಮೇಲೆ ತನ್ನನ್ನು 'ಒಡೆಯ' ಅಂತ ಕರೆಯಲು ಕಲಿಸುತ್ತಾನೆ. ಆಳಿಸಿಕೊಂಡವರ ಮಕ್ಕಳೂ ಕ್ರೂಸೋ ಕಡೆಗೇ ನಿಲ್ಲುವ ಹಾಗೆ ಆಗಿದ್ದು ಹೇಗೆ? ಸಾಮ್ರಾಜ್ಯ ಕಟ್ಟುವುದರಲ್ಲಿ ಕತೆಯ ಪಾಲು ಎಷ್ಟು?

ಉತ್ತರ 1
ತುಂಬಾ ಇದೆ. ದಕ್ಷಿಣ ಆಫ್ರಿಕಾ ಭಾಗದ ಹಳೆಯ ಕಲ್ಲಿನ ಊರು ಗ್ರೇಟ್ ಜಿಂಬಾಬ್ವೆ ನೋಡಿ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ ಗೋಡೆಗಳು, ಕೆಲವು ಕಡೆ 11 ಮೀಟರ್ ಎತ್ತರ. ಕಟ್ಟಿದ್ದು ಅಲ್ಲಿನವರೇ ಆದ ಶೋನಾ ಜನರ ಹಿರಿಯರು. 1871ರಲ್ಲಿ ಅಲ್ಲಿಗೆ ಹೋದ ಜರ್ಮನಿಯ ಕಾರ್ಲ್ ಮೌಖ್ ಬಾಗಿಲ ಮೇಲಿನ ತೊಲೆಯಿಂದ ಒಂದು ಚೂರು ಮರ ಕತ್ತರಿಸಿದ. ಅದರ ಬಣ್ಣ, ವಾಸನೆ ತನ್ನ ಪೆನ್ಸಿಲಿನ ಹಾಗೇ ಇತ್ತು. ಹಾಗಾದರೆ ಇದು ಲೆಬನಾನಿನ ಸೀಡರ್ ಮರ, ಕಟ್ಟಿಸಿದವಳು ಬೈಬಲ್ಲಿನಲ್ಲಿ ಬರುವ ಶೀಬಾ ರಾಣಿ ಅಂದುಬಿಟ್ಟ! ಇದು ಸುಮ್ನೆ ಒಬ್ಬನ ಕಲ್ಪನೆಯಾಗಿ ಉಳಿಯಲಿಲ್ಲ. 'ಈ ಜನಕ್ಕೆ ಇಂಥದ್ದು ಕಟ್ಟಲು ಬರಲ್ಲ' ಅನ್ನೋ ಕತೆ ನೆಲ ಕಿತ್ತುಕೊಂಡವರಿಗೆ ಬೇಕಿತ್ತು. 1905ರಲ್ಲೂ 1929ರಲ್ಲೂ ಅಗೆದು ನೋಡಿದವರು ಇದು ಆಫ್ರಿಕನ್ನರದ್ದೇ ಅಂದರು. ಆದರೂ ರೊಡೇಷಿಯಾದ (ಆಗ ಆ ದೇಶದ ಹೆಸರು ಅದು) ಬಿಳಿಯರ ಸರ್ಕಾರ 1970ರ ದಶಕದಲ್ಲೂ ಅದನ್ನು ಬಾಯಿಬಿಟ್ಟು ಹೇಳಲು ಬಿಡಲಿಲ್ಲ.

ಉತ್ತರ 2
ತಡೀರಿ. ಅದೇ ಸೀಮೆಯಲ್ಲಿ 1893ರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಹಬ್ಬಿಸಲು ಹೊರಟ ಸೆಸಿಲ್ ರೋಡ್ಸ್‌ನ ಕಂಪನಿಯವರು ಅಲ್ಲಿನ ನ್ಡೆಬೆಲೆ ಜನರ ಸೈನ್ಯವನ್ನು ಉರುಳಿಸಿದ್ದು ಮ್ಯಾಕ್ಸಿಮ್ ಅನ್ನೋ ಮೆಷಿನ್ ಗನ್ನಿನಿಂದ, ಕತೆಯಿಂದಲ್ಲ. ಆಮೇಲೆ ಗುಡಿಸಲಿಗೂ ತೆರಿಗೆ ಬಂತು, ಕಟ್ಟಲು ದುಡ್ಡಿಲ್ಲದವರು ಬಿಳಿಯರ ಗಣಿಗೆ ಕೂಲಿಗೆ ಹೋದರು. ಇದನ್ನು ಬಿಟ್ಟು ಬರೀ ಕಾದಂಬರಿಯಿಂದ ಸಾಮ್ರಾಜ್ಯ ಅರ್ಥ ಆಗಲ್ಲ.

ಉತ್ತರ 3
ಒಪ್ಪುತ್ತೇನೆ. ಆದರೆ ಪ್ರತಿ ಮನೆ ಮುಂದೆ ಗನ್ ನಿಲ್ಲಿಸಲು ಆಗಲ್ಲ ಅಲ್ವಾ? ಬ್ರಿಟಿಷರ ಕೈಯಲ್ಲಿದ್ದ ಕೀನ್ಯಾದಲ್ಲಿ ಲೇಖಕ ಗೂಗಿ ವಾ ಥಿಯಾಂಗೊ ಓದುತ್ತಿದ್ದಾಗ, ಶಾಲೆಯಲ್ಲಿ ತಮ್ಮ ಮನೆಮಾತು ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಗುವಿಗೆ ಬೆತ್ತದ ಏಟು, ಇಲ್ಲದಿದ್ದರೆ 'ನಾನು ದಡ್ಡ' ಅಂತ ಬರೆದ ತಗಡು ಕೊರಳಿಗೆ. ಮಕ್ಕಳೇ ಒಬ್ಬರನ್ನೊಬ್ಬರು ಹಿಡಿದುಕೊಡಬೇಕಿತ್ತು. ಅಮ್ಮನ ಮಾತಿಗೇ ನಾಚುವಂತಾದ ಮೇಲೆ ಅಮ್ಮ ಹೇಳಿದ ಕತೆಗೆ ಎಲ್ಲಿ ಜಾಗ? ಅದೇ ಗೂಗಿ 1978ರಲ್ಲಿ ಜೈಲಿನ ಟಾಯ್ಲೆಟ್ ಪೇಪರ್ ಮೇಲೆ ಗಿಕುಯುವಿನಲ್ಲೇ ಕಾದಂಬರಿ ಬರೆದರು. ಜೈಲಿಗೆ ಹಾಕಿದ್ದು ಬ್ರಿಟಿಷರಲ್ಲ, ಸ್ವತಂತ್ರ ಕೀನ್ಯಾದ ಸರ್ಕಾರ. ನನಗೆ ಜಾಸ್ತಿ ಸಂಕಟ ಆಗೋದು ಇದಕ್ಕೇ.

ಉತ್ತರ 1 ಬರೆದವರಿಂದ
ಹೆಸರಿನ ಮಾತಿಂದ ಶುರುವಾಯಿತಲ್ಲ, ಇನ್ನೊಂದು ಹೇಳಬೇಕು. ರೊಡೇಷಿಯಾ ಅನ್ನೋದೂ ಫ್ರೈಡೇ ಥರದ್ದೇ ಹೆಸರು, ಸೆಸಿಲ್ ರೋಡ್ಸ್‌ದು. 1980ರಲ್ಲಿ ಆ ಜನ ಅದನ್ನು ತೆಗೆದುಹಾಕಿ ಆ ಕಲ್ಲಿನ ಊರಿನ ಹೆಸರನ್ನೇ ದೇಶಕ್ಕೆ ಇಟ್ಟುಕೊಂಡರು. ಅಲ್ಲಿ ಸಿಕ್ಕ ಕಲ್ಲಿನ ಹಕ್ಕಿ ಈಗ ಅವರ ಬಾವುಟದಲ್ಲಿದೆ.