‘ಬಿಕೋ’: ಇದು ಸದ್ದೋ, ಸದ್ದಿಲ್ಲದ್ದೋ?

ಬಲ್ಲವರಿಗೆ ನಮಸ್ಕಾರ.

ಹೋದ ವಾರ ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಸೋದರತ್ತೆಯ ಮನೆಗೆ ಹೋಗಿದ್ದೆ. ಎದುರಿನ ಮಗ್ಗದ ಮನೆ ಕೆಡವಿ ಹೊಸ ಕಟ್ಟಡ ಏಳಿಸುತ್ತಿದ್ದಾರೆ. ಡ್ರಿಲ್ಲಿಂಗ್ ಮಿಷನ್ನು ಕರ್ರೋ ಅನ್ನುತ್ತಿತ್ತು, ಗೋಡೌನಿಗೆ ಮಾಲು ತಂದ ಟೆಂಪೋ ರಿವರ್ಸ್ ಬರುತ್ತಾ ಕುಯ್ಯೋ ಅನ್ನುತ್ತಿತ್ತು. ಎರಡು ಸಲ ಕೂಗಿದ ಮೇಲೆ ಅತ್ತೆ ಬಾಗಿಲು ತೆಗೆದರು. ಕಾಫಿ ಲೋಟ ಕೈಗಿಡುತ್ತಾ ಅಂದರು: ‘ನೋಡೋ, ಗಲ್ಲಿ ಹೆಂಗೆ ಬಿಕೋ ಅಂತಿದೆ.’

ನಗು ಬಂತು. ಆಮೇಲೆ ಆ ಪದ ತಲೆ ಬಿಟ್ಟು ಹೋಗಲಿಲ್ಲ.

ಆಗ ಆ ಗಲ್ಲಿಯ ಮಗ್ಗದ ಮನೆಗಳಲ್ಲಿ ಮುಂದಿನ ಕೋಣೆ ಪವರ್‌ಲೂಮಿಗೆ, ಹಿಂದಿನದು ಒಲೆಗೂ ಹಾಸಿಗೆಗೂ. ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆಚೆ ಈಚೆ ಓಡುವ ಲಟಕ್‌ಪಟಕ್ಕಿಗೆ ಗೂಡಿನ ಲೋಟಗಳು ಅದುರುತ್ತಿದ್ದವು. ಮಕ್ಕಳಿಗೆ ಅದರಲ್ಲೇ ನಿದ್ದೆ. ಕರೆಂಟ್ ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತಿದ್ದವಂತೆ! ಬರಬರುತ್ತಾ ನೇಯ್ಗೆಯ ದುಡಿಮೆಗಿಂತ ಗೋಡೌನಿನ ಬಾಡಿಗೆಯೇ ಹೆಚ್ಚು ಗಿಟ್ಟತೊಡಗಿತು, ಮಗ್ಗಗಳು ಹೋದವು.

ಈಗ ಪದದ ಮಾತು. ಶಾಲೆಯ ವ್ಯಾಕರಣದಲ್ಲಿ ಪಟಪಟ, ಚುರುಚುರು, ರೊಯ್ಯನೆ ಇವೆಲ್ಲ ಅನುಕರಣಾವ್ಯಯ. ಕೇಳಿದ್ದನ್ನು ಕೇಳಿದಂತೆ ಹೇಳುವವು. ಹಾಗಾದರೆ ‘ಬಿಕೋ’ ಯಾವುದರ ಅನುಕರಣೆ? ಘಮಘಮ, ಥಳಥಳ ಕೂಡ ಸದ್ದಲ್ಲ ನಿಜ, ಆದರೆ ಅಲ್ಲಿ ಮೂಗಿಗೋ ಕಣ್ಣಿಗೋ ಏನೋ ಒಂದು ತಾಕುತ್ತದೆ. ಇಲ್ಲಿ ಇಲ್ಲದ್ದೇ ‘ಅನ್ನುತ್ತಿದೆ’. ರೂಪವೂ ಬೇರೆ ಥರ: ಪಿಸುಗುಟ್ಟು, ಗಿಜಿಗುಟ್ಟು, ಭಣಗುಟ್ಟು ಇವೆ, ‘ಬಿಕೋಗುಟ್ಟು’ ಯಾರ ಬಾಯಲ್ಲೂ ಕೇಳಿಲ್ಲ. ‘ಬಿಕೋಬಿಕೋ’ ಅಂತ ಇಮ್ಮಡಿಸುವುದೂ ಇಲ್ಲ. ‘ಗೊಳೋ’ ಎಂದು ಅಳುವ ಗುಂಪಿಗೆ ಇದನ್ನು ಸೇರಿಸಬಹುದೇ? ಬಿಕ್ಕುವುದಕ್ಕೂ ಇದಕ್ಕೂ ನಂಟಿದೆಯೇ ಅಂತ ಒಂದು ಕ್ಷಣ ಅನ್ನಿಸಿತು. ತೀರಾ ಚೆಂದವಾಗಿ ಕೂಡಿಬರುವ ವ್ಯುತ್ಪತ್ತಿಗಳ ಮೇಲೆ ನನಗೆ ಮೊದಲಿಂದಲೂ ಗುಮಾನಿ.

ಅತ್ತೆಯನ್ನೇ ಕೇಳಿದೆ, ಇಷ್ಟು ಸದ್ದಿದೆಯಲ್ಲಾ ಅಂತ. ‘ಇದ್ಯಾರದ್ದೋ ಸದ್ದು ಕಣೋ. ಆಗ ಒಂದು ಮಗ್ಗ ನಿಂತರೆ ಯಾರ ಮನೇದು, ದಾರ ಕಿತ್ತಿತೋ ಲಾಳಿಯೊಳಗಿನ ಕಂಡಿಕೆ ನೂಲು ಮುಗೀತೋ ಅಂತ ಇಲ್ಲೇ ಕೂತು ಹೇಳ್ತಿದ್ದೆ.’

ಅಂದರೆ ಅವರ ‘ಬಿಕೋ’ಗೆ ನಿಶ್ಶಬ್ದವೇ ಬೇಕಿಲ್ಲ. ನಿಮ್ಮ ಕಡೆಯೂ ಗದ್ದಲದ ಜಾಗಕ್ಕೆ ಹೀಗೆ ಹೇಳುವುದುಂಟೇ? ಉತ್ತರ ಕರ್ನಾಟಕದವರು ‘ಭಣಭಣ’ವನ್ನು ಈ ಅರ್ಥದಲ್ಲಿ ಬಳಸುತ್ತೀರಾ? ಇಳಕಲ್, ಬನಹಟ್ಟಿ, ದೊಡ್ಡಬಳ್ಳಾಪುರದ ಕಡೆಯವರು ಇನ್ನೊಂದನ್ನೂ ತಿಳಿಸಿ: ನಿಮ್ಮಲ್ಲಿ ಮಗ್ಗ ಏನಂತ ಸದ್ದು ಮಾಡುತ್ತದೆ?